ಬಟ್ಟಲಿನ ತಳದಲ್ಲಿ ಕೊರೆದ ಹೆಸರು

ಬೇಹುಗಾರ ಎಂದರೆ ನಮ್ಮ ಮನೆಯ ಹಿರಿಯರಿಗೆ ಈಗಲೂ ರಾಜ್‌ಕುಮಾರ್ ಅವರೇ. 1968ರ ‘ಜೇಡರ ಬಲೆ’, ಅದೇ ವರ್ಷದ ‘ಗೋವಾದಲ್ಲಿ ಸಿ.ಐ.ಡಿ. 999’. ಮಡಿಕೆ ಕೆಡದ ಕೋಟು, ಕೈಗೆಟಕುವಲ್ಲಿ ಪಿಸ್ತೂಲು, ಕೊನೆಯ ರೀಲಿನ ಹೊತ್ತಿಗೆ ಗೆಲುವು. ನನ್ನ ತಲೆಮಾರಿನವರಿಗೆ ಆ ಜಾಗದಲ್ಲಿ ಬೇರೆ ಹೆಸರುಗಳಿವೆ, ಆದರೆ ಚಿತ್ರ ಹೆಚ್ಚೇನೂ ಬದಲಾಗಿಲ್ಲ. ಬೇಹುಗಾರ ಚುರುಕಾಗಿ ಸುಳ್ಳು ಹೇಳುತ್ತಾನೆ, ವೇಗವಾಗಿ ಓಡುತ್ತಾನೆ, ಭಾರವಾದದ್ದೇನನ್ನೂ ಹೊರುವುದಿಲ್ಲ.

ನಾನು ಬರೆಯುತ್ತಿರುವ ಕಾದಂಬರಿಯ ಹೆಣ್ಣುಮಗಳು ಹೊರುತ್ತಾಳೆ. ಆ ಕಾಲದ ಸೂಟ್‌ಕೇಸ್ ವೈರ್‌ಲೆಸ್ ಸೆಟ್ಟುಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ಒಂದರ ತೂಕ ಸುಮಾರು 15 ಕೆ.ಜಿ. ಅದನ್ನು ಹಿಡಿದು ಪ್ಯಾರಿಸ್ಸಿನ ಮೆಟ್ರೋದಲ್ಲಿ ಜರ್ಮನ್ ಸೈನಿಕರ ನಡುವೆ ಕೂರಬೇಕು. ಭಾರವಾದದ್ದನ್ನು ಹೊತ್ತಿದ್ದೇನೆ ಎಂಬುದು ಹೆಗಲಲ್ಲಿ ಕಾಣಬಾರದು. ಅವಳ ಹೆಸರು ನೂರ್ ಇನಾಯತ್ ಖಾನ್. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ‘ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯೂಟಿವ್’ ಎಂಬ ರಹಸ್ಯ ಸಂಸ್ಥೆ ಆಕ್ರಮಿತ ಫ್ರಾನ್ಸಿಗೆ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್.

ಹಗಲು ನಾನು ಕನ್ನಡದ ಐತಿಹಾಸಿಕ ಕಾದಂಬರಿಗಳ ಮೇಲೆ ಪ್ರಬಂಧ ಬರೆಯುತ್ತೇನೆ. ಕಾದಂಬರಿಕಾರ ದಾಖಲೆಯನ್ನು ಹೇಗೆ ಬಳಸುತ್ತಾನೆ, ಎಲ್ಲಿ ಬಿಡುತ್ತಾನೆ ಎನ್ನುವುದು ನನ್ನ ಸಂಶೋಧನೆಯ ಪ್ರಶ್ನೆ. ರಾತ್ರಿ ಅದೇ ಪ್ರಶ್ನೆಯನ್ನು ನನ್ನ ಕಾದಂಬರಿ ನನಗೆ ಕೇಳುತ್ತದೆ. ಹಗಲಿನಲ್ಲಿ ಅದಕ್ಕೆ ಅಡಿಟಿಪ್ಪಣಿ ಹಾಕಿ ಪಾರಾಗಬಹುದು. ರಾತ್ರಿ ಹಾಗಾಗುವುದಿಲ್ಲ, ಒಂದು ವಾಕ್ಯ ಬರೆಯಲೇಬೇಕು.

ಮೊದಲ ತೊಡಕು ಪದದ್ದೇ. ಬೇಹುಗಾರ್ತಿ, ಗೂಢಚಾರಿಣಿ ಎಂದು ನಾವು ಸಲೀಸಾಗಿ ಬರೆದುಬಿಡುತ್ತೇವೆ. ‘ಅರ್ಥಶಾಸ್ತ್ರ’ದ ಕಾಲದಿಂದಲೂ ಗೂಢಚಾರನ ಕೆಲಸ ಸುದ್ದಿ ತಿಳಿಯುವುದು: ಸನ್ಯಾಸಿಯ ವೇಷದಲ್ಲೋ ವ್ಯಾಪಾರಿಯ ವೇಷದಲ್ಲೋ ಸುತ್ತಿ, ಕೇಳಿದ್ದನ್ನು ಅರಸನಿಗೆ ಮುಟ್ಟಿಸುವುದು. 1940ರ ಜುಲೈನಲ್ಲಿ ಹುಟ್ಟಿದ ಈ ಸಂಸ್ಥೆಯ ಮುಖ್ಯ ಕೆಲಸ ಅದಾಗಿರಲಿಲ್ಲ. ರೈಲುಹಳಿ ಸಿಡಿಸುವವರಿಗೆ, ಕಾರ್ಖಾನೆ ಕೆಡಿಸುವವರಿಗೆ, ಪ್ರತಿರೋಧದ ಗುಂಪುಗಳಿಗೆ ಹಣ, ಆಯುಧ, ಮನುಷ್ಯರನ್ನು ಒದಗಿಸುವುದು ಅದರ ಗುರಿ. ನೂರ್ ಯಾರ ಕಪಾಟನ್ನೂ ತೆರೆದು ಗುಟ್ಟು ಕದ್ದವಳಲ್ಲ. ಅವಳು ಎರಡು ದಡಗಳ ನಡುವಿನ ತಂತಿ. ಫ್ರಾನ್ಸಿನ ಮಾತನ್ನು ಲಂಡನ್ನಿಗೆ, ಲಂಡನ್ನಿನ ಮಾತನ್ನು ಫ್ರಾನ್ಸಿಗೆ ದಾಟಿಸುತ್ತಿದ್ದಳು. ಇದು ಗೊತ್ತಾದ ಮೇಲೆ ನನ್ನ ಕಾದಂಬರಿಯಿಂದ ಕಪಾಟುಗಳು, ಕೀಲಿಕೈಗಳು, ಸೂಕ್ಷ್ಮ ಕ್ಯಾಮೆರಾಗಳು ಹೊರಟುಹೋದವು. ಉಳಿದದ್ದು ಒಂದು ಕೋಣೆ, ಒಂದು ಕಿಟಕಿ, ಹತ್ತಾರು ಮೀಟರ್ ಉದ್ದದ ಏರಿಯಲ್ ತಂತಿ ಮತ್ತು ಗಡಿಯಾರ.

ಗಡಿಯಾರ ಏಕೆಂದರೆ, ಸಂಕೇತ ಎಲ್ಲಿಂದ ಹೊರಡುತ್ತಿದೆ ಎಂದು ಹುಡುಕುವ ಜರ್ಮನ್ ವ್ಯಾನುಗಳು ಬೀದಿಗಳಲ್ಲಿ ತಿರುಗುತ್ತಿದ್ದವು. ಒಂದೇ ಜಾಗದಿಂದ ಇಪ್ಪತ್ತು ನಿಮಿಷ ಮಾತಾಡಿದರೂ ಅಪಾಯ. ಇಂಥ ಆಪರೇಟರ್ ಪ್ಯಾರಿಸ್ಸಿನಲ್ಲಿ ಆರು ವಾರ ಉಳಿದರೆ ಹೆಚ್ಚು ಎಂದು ಆಗ ಲೆಕ್ಕ ಹಾಕುತ್ತಿದ್ದರಂತೆ. ನೂರ್ 1943ರ ಜೂನ್ 16ರ ರಾತ್ರಿ ಪುಟ್ಟ ಲೈಸಾಂಡರ್ ವಿಮಾನದಲ್ಲಿ ಆಂಜೇರ್ ಬಳಿಯ ಬಯಲಿಗೆ ಇಳಿದಳು. ಅವಳು ಸೇರಬೇಕಿದ್ದ ‘ಪ್ರಾಸ್ಪರ್’ ಜಾಲದ ಮುಖ್ಯಸ್ಥ ಫ್ರಾನ್ಸಿಸ್ ಸಟಿಲ್ ಜೂನ್ 24ರಂದು ಸೆರೆಯಾದ. ಕೆಲವೇ ದಿನಗಳಲ್ಲಿ ಜಾಲವೇ ಚೂರಾಯಿತು. ವಾಪಸು ಕರೆಸಿಕೊಳ್ಳುತ್ತೇವೆ ಎಂದು ಲಂಡನ್ ಹೇಳಿದರೂ ಅವಳು ಬರಲೊಪ್ಪಲಿಲ್ಲ. ಪ್ಯಾರಿಸ್ ಜೊತೆಗಿನ ಸಂಪರ್ಕ ಹೆಚ್ಚುಕಡಿಮೆ ಅವಳೊಬ್ಬಳ ಬೆರಳ ತುದಿಯಲ್ಲಿ ಉಳಿದಿತ್ತು. ಅಕ್ಟೋಬರ್ ನಡುವಿನವರೆಗೆ, ಸುಮಾರು ನಾಲ್ಕು ತಿಂಗಳು, ಮನೆಯಿಂದ ಮನೆಗೆ ಸೂಟ್‌ಕೇಸ್ ಹೊತ್ತು ತಿರುಗಿದಳು.

ಇಷ್ಟನ್ನು ಯಾವ ಜೀವನಚರಿತ್ರೆಯಲ್ಲೂ ಓದಬಹುದು. ಓದಿದ ಮೇಲೂ ನನಗೆ ಒಂದೇ ಒಂದು ದೃಶ್ಯ ಹುಟ್ಟಲಿಲ್ಲ. ಘಟನೆಗಳು ಗೊತ್ತಿರುವುದು ಬೇರೆ, ಅವುಗಳೊಳಗೆ ಕೂರಲು ಒಂದು ಮಣೆ ಸಿಗುವುದು ಬೇರೆ. ನನಗೆ ಆ ಮಣೆ ಸಿಕ್ಕಿದ್ದು ಪದ್ಯಸಂಕೇತದಲ್ಲಿ.

ಈ ಏಜೆಂಟರು ತಮ್ಮ ಗುಪ್ತಲಿಪಿಯ ಕೀಲಿಯಾಗಿ ಒಂದೊಂದು ಪದ್ಯ ಬಾಯಿಪಾಠ ಮಾಡಿಕೊಂಡಿರುತ್ತಿದ್ದರು. ಕಾಗದ ಸಿಕ್ಕಿಬೀಳಬಹುದು, ನೆನಪು ಸಿಕ್ಕುವುದಿಲ್ಲ ಎಂಬ ನಂಬಿಕೆ. ಪದ್ಯದಿಂದ ಐದು ಪದ ಆರಿಸಿ, ಅವುಗಳ ಅಕ್ಷರಗಳಿಗೆ ವರ್ಣಮಾಲೆಯ ಕ್ರಮದಲ್ಲಿ ಅಂಕಿ ಕೊಡಬೇಕು. ಅಂಕಿಗಳ ಕೆಳಗೆ ಸಂದೇಶವನ್ನು ಸಾಲುಸಾಲಾಗಿ, ಮನೆಗೊಂದು ಅಕ್ಷರದಂತೆ ಬರೆಯಬೇಕು. ಆಮೇಲೆ ಅಂಕಿಯ ಕ್ರಮದಲ್ಲಿ ಒಂದೊಂದು ಕಂಬವನ್ನು ಮೇಲಿನಿಂದ ಕೆಳಕ್ಕೆ ಓದಿ ತೆಗೆಯಬೇಕು. ಬಂದದ್ದನ್ನು ಮತ್ತೊಮ್ಮೆ ಹಾಗೆಯೇ ಕಲಸಬೇಕು. ಒಂದು ಅಂಕಿ ತಪ್ಪಿದರೂ ಲಂಡನ್ನಿನಲ್ಲಿ ಕೂತವರಿಗೆ ಸಿಗುವುದು ಬರೀ ಗೋಜಲು. ಪ್ರಸಿದ್ಧ ಪದ್ಯವಾದರೆ ಶತ್ರುವೂ ಊಹಿಸಬಲ್ಲ. ಹಾಗಾಗಿ ಸಂಸ್ಥೆಯ ಸಂಕೇತ ವಿಭಾಗದ ಮುಖ್ಯಸ್ಥ ಲಿಯೋ ಮಾರ್ಕ್ಸ್ ತಾನೇ ಹೊಸ ಪದ್ಯಗಳನ್ನು ಬರೆದು ಏಜೆಂಟರಿಗೆ ಕೊಡತೊಡಗಿದ. ಲಂಡನ್ನಿನ 84, ಚೇರಿಂಗ್ ಕ್ರಾಸ್ ರಸ್ತೆಯ ಹಳೇ ಪುಸ್ತಕದಂಗಡಿಯ ಪಾಲುದಾರರೊಬ್ಬರ ಮಗ ಅವನು. ಸಾಹಿತ್ಯದ ವಿದ್ಯಾರ್ಥಿಯಾಗಿ ಪದ್ಯದ ಉಪಯೋಗದ ಬಗ್ಗೆ ಬಹಳ ಚರ್ಚೆ ಕೇಳಿದ್ದೇನೆ. ಪದ್ಯ ಮರೆತರೆ ಮನುಷ್ಯ ಸಾಯುವಂಥ ಉಪಯೋಗ ಮಾತ್ರ ಯಾವ ಸೆಮಿನಾರಿನಲ್ಲೂ ಬಂದಿರಲಿಲ್ಲ.

ಕನ್ನಡದಲ್ಲಿ ಮಾಡಿ ನೋಡೋಣವೆನಿಸಿತು. ಬಾಯಿಗೆ ಬರುವ ಒಂದು ವಚನದಿಂದ ಐದು ಪದ ಆರಿಸಿಕೊಂಡೆ. ಗುಣಿತ, ಒತ್ತು ಎಲ್ಲ ಸೇರಿ ಒಂದು ಅಕ್ಷರಕ್ಕೆ ಒಂದು ಮನೆ ಎಂದು ನಿಯಮ ಮಾಡಿಕೊಂಡೆ. ಸಂದೇಶ ಚಿಕ್ಕದೇ: ಹಣ ಮುಗಿದಿದೆ, ಈ ಮನೆ ಬಿಡಬೇಕು, ಮುಂದಿನ ಹುಣ್ಣಿಮೆಗೆ ವಿಮಾನ ಬರಲಿ. ಹಾಸ್ಟೆಲ್ ಕೋಣೆಯಲ್ಲಿ, ಫ್ಯಾನಿನ ಕೆಳಗೆ, ಯಾರೂ ಹುಡುಕಿಕೊಂಡು ಬರುವ ಭಯವಿಲ್ಲದೆ ಇದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಚೌಕಗಳ ಹಾಳೆ ಹರಿದು ಬುಟ್ಟಿಗೆ ಹಾಕುವಾಗ ಕೈ ತಡೆಯಿತು. ಇಷ್ಟು ಕಷ್ಟಪಟ್ಟು ಕಲಸಿದ್ದನ್ನು ಎಸೆಯಲು ಮನಸ್ಸಾಗಲಿಲ್ಲ. ಕಾದಂಬರಿಯ ಮೊದಲ ದೃಶ್ಯ ಹುಟ್ಟಿದ್ದು ಆ ಕ್ಷಣದಲ್ಲಿ.

ಏಕೆಂದರೆ ನೂರ್ ಕೂಡ ಎಸೆಯಲಿಲ್ಲ. ಕಳಿಸಿದ, ಬಂದ ಸಂದೇಶಗಳನ್ನೆಲ್ಲ ಸಂಕೇತದ ಜೊತೆಗೇ ಒಂದು ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡಿದ್ದಳು. ಬಂಧನವಾದಾಗ ಅದು ಜರ್ಮನರಿಗೆ ಸಿಕ್ಕಿತು. ಸಂದೇಶಗಳ ‘ಫೈಲಿಂಗ್’ ಬಗ್ಗೆ ಎಚ್ಚರವಿರಲಿ ಎಂದು ಅವಳಿಗೆ ಕೊಟ್ಟ ಸೂಚನೆಯಲ್ಲಿತ್ತು. ರವಾನಿಸುವುದು ಎಂಬ ಅರ್ಥದ ಆ ಪದವನ್ನು ಕಾಪಿಡುವುದು ಎಂದು ಅವಳು ತಿಳಿದಳು ಎನ್ನುವುದು ಇತಿಹಾಸಕಾರರ ವಿವರಣೆ. ಇರಬಹುದು. ಅಷ್ಟು ಹೊತ್ತು ಕೂತು ಅಕ್ಷರ ಹೆಣೆದ ಮೇಲೆ ನನ್ನ ಮಟ್ಟಿಗೆ ಅದಕ್ಕೊಂದು ದೇಹದ ಸಮರ್ಥನೆಯೂ ಸಿಕ್ಕಿತು. ಅದು ಇತಿಹಾಸವಲ್ಲ ಎಂದು ನನಗೆ ಗೊತ್ತು. ಕಾದಂಬರಿಗೆ ಅಂಥ ಸಮರ್ಥನೆ ಬೇಕಾಗುತ್ತದೆ.

ಇನ್ನೊಂದು ಬಾಗಿಲು ಸಂಗೀತ. ನೂರ್‌ಳ ತಂದೆ ಇನಾಯತ್ ಖಾನ್ ಬರೋಡಾದವರು, ವೀಣೆ ನುಡಿಸುತ್ತಿದ್ದ ಸೂಫಿ ಗುರು. ತಾಯಿ ಅಮೆರಿಕದವರು, ಓರಾ ರೇ ಬೇಕರ್. ಮಗಳು ಹುಟ್ಟಿದ್ದು 1914ರ ಜನವರಿ 1ರಂದು ಮಾಸ್ಕೋದಲ್ಲಿ, ಬೆಳೆದದ್ದು ಪ್ಯಾರಿಸ್ಸಿನ ಅಂಚಿನ ಸುರೇನ್‌ನಲ್ಲಿ. ಅವಳೂ ವೀಣೆ ನುಡಿಸುತ್ತಿದ್ದಳು, ಸೋರ್ಬಾನಿನಲ್ಲಿ ಮಕ್ಕಳ ಮನಃಶಾಸ್ತ್ರ ಓದಿದಳು, ಮಕ್ಕಳಿಗೆ ಕಥೆ ಬರೆದಳು. 1939ರಲ್ಲಿ ಅವಳ ಇಪ್ಪತ್ತು ಜಾತಕ ಕಥೆಗಳ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು. ವೀಣೆಯ ಬೆರಳುಗಳು ಮೋರ್ಸ್ ಕೀಲಿಯ ಮೇಲೆ ಹಗುರವಾಗಿ ಓಡಿದವು ಎಂದು ಬರೆಯಲು ಎಷ್ಟು ಚೆಂದ! ಆದರೆ ತರಬೇತಿಯ ದಿನಗಳ ನೆನಪುಗಳು ಹೇಳುವುದು ಬೇರೆ. ಚಳಿಗೆ ಬೆರಳು ಬಾತುಕೊಂಡಿದ್ದರಿಂದ ಅವಳು ಕೀಲಿಯನ್ನು ಧಡಧಡ ಕುಟ್ಟುತ್ತಿದ್ದಳು, ಜೊತೆಯವರು ಅದಕ್ಕೊಂದು ಅಡ್ಡಹೆಸರನ್ನೂ ಇಟ್ಟಿದ್ದರು. ಪ್ರತಿ ಆಪರೇಟರನ ಬಡಿತಕ್ಕೂ ಅವನದೇ ಧಾಟಿ ಇರುತ್ತದೆ. ಕೇಳಿಸಿಕೊಳ್ಳುವವರು ಅದರಿಂದಲೇ ಆಳನ್ನು ಗುರುತಿಸುತ್ತಿದ್ದರು, ನಾವು ವೈಣಿಕರ ಬಾನಿ ಗುರುತಿಸಿದ ಹಾಗೆ. ನನ್ನ ಊಹೆಗಿಂತ ದಾಖಲೆ ಕೊಟ್ಟ ಬಾತುಕೊಂಡ ಬೆರಳೇ ನನಗೆ ಹೆಚ್ಚು ನಿಜವೆನಿಸಿತು. ಸ್ಫೂರ್ತಿ ಬಹಳ ಸಲ ಹೀಗೆ ನಾವು ಬಯಸಿದ ಚೆಲುವಿಗೆ ಅಡ್ಡ ಬಂದು ನಿಲ್ಲುತ್ತದೆ.

ಅಂಥ ಚೂರುಗಳನ್ನು ಒಂದು ಡೈರಿಯಲ್ಲಿ ಬರೆದಿಡುತ್ತಿದ್ದೇನೆ. ಫ್ರಾನ್ಸಿಗೆ ಬಂದ ಹೊಸದರಲ್ಲಿ ಕಪ್ಪಿಗೆ ಮೊದಲು ಹಾಲು ಸುರಿದು ಆಮೇಲೆ ಚಹಾ ಸುರಿದಳು. ಇದು ಇಂಗ್ಲಿಷರ ಅಭ್ಯಾಸ, ಯಾರಾದರೂ ಗಮನಿಸಿಯಾರು ಎಂದು ಜೊತೆಯವರು ಎಚ್ಚರಿಸಿದರು. ಜರ್ಮನರೇ ತುಂಬಿದ್ದ ಕಟ್ಟಡವೊಂದರಲ್ಲಿ ಕಿಟಕಿಯಾಚೆ ಏರಿಯಲ್ ಕಟ್ಟಲು ಪರದಾಡುತ್ತಿದ್ದಾಗ ನೆರೆಯ ಜರ್ಮನನೇ ನೆರವಾದ. ಬಟ್ಟೆ ಒಣಹಾಕುವ ತಂತಿ ಎಂದುಕೊಂಡು ಕಟ್ಟಿಕೊಟ್ಟನಂತೆ. ತರಬೇತಿಯಲ್ಲಿ ಸೈಕಲ್ ಮೇಲೆ ಹೋಗುವಾಗ ಪೊಲೀಸನೊಬ್ಬ ತಡೆದು ಏನು ಮಾಡುತ್ತಿದ್ದೀ ಎಂದು ಕೇಳಿದರೆ, ಏಜೆಂಟ್ ಆಗಲು ಕಲಿಯುತ್ತಿದ್ದೇನೆ ಎಂದು ನಿಜವನ್ನೇ ಹೇಳಿಬಿಟ್ಟಳಂತೆ.

ಈ ‘ಅಂತೆ’ಗಳ ಮೇಲೆ ನನ್ನ ಪ್ರಬಂಧದ ಕಣ್ಣು ಬೀಳುತ್ತದೆ. ಸೈಕಲ್ಲಿನ ಕಥೆ ಬರುವುದು ಲಿಯೋ ಮಾರ್ಕ್ಸ್‌ನ ಆತ್ಮಕಥನದಲ್ಲಿ. ಅದು ಪ್ರಕಟವಾದದ್ದು 1998ರಲ್ಲಿ, ಘಟನೆಯಾಗಿ ಐವತ್ತು ವರ್ಷ ಕಳೆದ ಮೇಲೆ. ಮಾರ್ಕ್ಸ್ ಯುದ್ಧಾನಂತರ ಚಿತ್ರಕಥೆ ಬರೆದವನು, ಎಲ್ಲಿ ನಿಲ್ಲಿಸಿದರೆ ಓದುಗ ನಗುತ್ತಾನೆಂದು ಬಲ್ಲವನು. ಮೊದಲ ಜೀವನಚರಿತ್ರೆ ಬರೆದ ಜೀನ್ ಓವರ್ಟನ್ ಫುಲ್ಲರ್ ನೂರ್‌ಳ ಗೆಳತಿ. 1952ರ ಆ ಪುಸ್ತಕದಲ್ಲಿ ಗೆಳತಿಯ ಪ್ರೀತಿಯಿದೆ. 1966ರಲ್ಲಿ ಎಂ.ಆರ್.ಡಿ. ಫುಟ್ ಬರೆದದ್ದು ಸರ್ಕಾರದ ಅಧಿಕೃತ ಇತಿಹಾಸ. 2006ರ ಶ್ರಾಬಣಿ ಬಸು ಅವರ ಪುಸ್ತಕಕ್ಕೆ ಭಾರತೀಯ ಕಣ್ಣಿದೆ, ಹೊಸದಾಗಿ ತೆರೆದ ಕಡತಗಳ ಬಲವಿದೆ. ಸಂಸ್ಥೆಯ ಕಾಗದಪತ್ರಗಳಲ್ಲಿ ದೊಡ್ಡ ಪಾಲು ಯುದ್ಧ ಮುಗಿದ ಮೇಲೆ ಬೆಂಕಿಗೆ, ಕಸಕ್ಕೆ ಹೋಯಿತು. ಉಳಿದವು ಈಗ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಬೇಹುಗಾರಿಕೆಯ ಕಡತದ ಸ್ವಭಾವವೇ ವಿಚಿತ್ರ. ಸುಳ್ಳು ಹೆಸರು, ಸುಳ್ಳು ಊರು, ಸುಳ್ಳು ಬಾಲ್ಯ ಇವೆಲ್ಲ ಅಲ್ಲಿ ಮೊಹರು ಹಾಕಿಸಿಕೊಂಡ ದಾಖಲೆ. ನೂರ್‌ಗೆ ಕೊಟ್ಟ ಹುಸಿ ಬದುಕಿನಲ್ಲಿ ಅವಳು ಮಕ್ಕಳನ್ನು ನೋಡಿಕೊಳ್ಳುವ ಜಾನ್-ಮರಿ ರೆನಿಯೇ. ಸಂಕೇತನಾಮ ‘ಮದ್ಲೇನ್’. ವಾಯುಪಡೆಯ ಮಹಿಳಾ ದಳಕ್ಕೆ ಸೇರುವಾಗಲೇ ಅವಳು ‘ನೋರಾ’ ಆಗಿದ್ದಳು. ಕಾದಂಬರಿಕಾರ ಬರುವ ಮೊದಲೇ ಅಲ್ಲಿ ಕಾದಂಬರಿ ಬರೆದಾಗಿರುತ್ತದೆ.

ಕನ್ನಡದಲ್ಲಿ ನಾವು ಇನ್ನೊಂದು ಹೆಸರು ಕೊಡಲು ಕಾದಿರುತ್ತೇವೆ: ಟಿಪ್ಪುವಿನ ವಂಶದ ಕುಡಿ. ಸಂಬಂಧ ಇಲ್ಲದ್ದೇನಲ್ಲ. ಇನಾಯತ್ ಖಾನರ ತಾಯಿಯ ತಂದೆ, ಸಂಗೀತಗಾರ ಮೌಲಾಬಕ್ಷ್, ಮೈಸೂರಿಗೆ ಬಂದು ಕರ್ನಾಟಕ ಸಂಗೀತ ಕಲಿತು, ಅರಮನೆಯಿಂದ ಗೌರವ ಪಡೆದವರು. ಅವರ ಪತ್ನಿ ಟಿಪ್ಪುವಿನ ಮನೆತನದವರು ಎನ್ನುವುದು ಕುಟುಂಬ ಕಾಪಾಡಿಕೊಂಡು ಬಂದ ಪರಂಪರೆ. 1799ರ ನಂತರ ಆ ಮನೆತನವನ್ನು ವೆಲ್ಲೂರಿಗೆ, 1806ರ ದಂಗೆಯ ನಂತರ ಕಲ್ಕತ್ತೆಗೆ ಸಾಗಿಸಲಾಯಿತು. ನಾನು ಈ ಕಾದಂಬರಿಯ ವಿಷಯ ಹೇಳಿದಾಗಲೆಲ್ಲ ಎರಡೇ ಪ್ರತಿಕ್ರಿಯೆ ಬರುತ್ತವೆ. ಕೆಲವರು ಕಣ್ಣರಳಿಸಿ, ಟಿಪ್ಪುವನ್ನು ಮುಖಪುಟದಲ್ಲೇ ಹಾಕು ಎನ್ನುತ್ತಾರೆ. ಕೆಲವರು ದನಿ ತಗ್ಗಿಸಿ, ಆ ಹೆಸರೇ ಬೇಡ, ಸುಮ್ಮನೆ ತಲೆನೋವು ಎನ್ನುತ್ತಾರೆ. ಇಬ್ಬರಿಗೂ ನೂರ್ ಯಾರೆಂಬ ಕುತೂಹಲವಿಲ್ಲ. ಅವಳ ಧೈರ್ಯವನ್ನು ರಕ್ತದಿಂದ ವಿವರಿಸಿಬಿಟ್ಟರೆ, ಪ್ಯಾರಿಸ್ಸಿನಲ್ಲಿ ಉಳಿಯುತ್ತೇನೆ ಎಂದು ಅವಳು ಮಾಡಿದ ನಿರ್ಧಾರ ಅವಳದಾಗಿ ಉಳಿಯುವುದಿಲ್ಲ, ಮುತ್ತಜ್ಜನದಾಗುತ್ತದೆ.

ಕನ್ನಡದ ಓದುಗರ ಮುಂದೆ ಬಿಡಿಸಿಡಬೇಕಾದ ಗಂಟು ಬೇರೆಯೇ ಇದೆ. 1943ರ ಮಾರ್ಚಿನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಿಂತ ಶಿವಮೊಗ್ಗದ ಈಸೂರಿನ ಐವರು ಗಲ್ಲಿಗೇರಿದರು. ಆ ಹೊತ್ತಿಗೆ ನೂರ್ ಇಂಗ್ಲೆಂಡಿನಲ್ಲಿ ಬ್ರಿಟನ್ನಿನ ಪರವಾಗಿ ಸಾಯಬಹುದಾದ ಕೆಲಸಕ್ಕೆ ತರಬೇತಿ ಪಡೆಯುತ್ತಿದ್ದಳು. ಅಧಿಕಾರಿಗಳ ಸಂದರ್ಶನವೊಂದರಲ್ಲಿ, ಯುದ್ಧ ಮುಗಿದ ಮೇಲೆ ತಾನು ಭಾರತದ ಸ್ವಾತಂತ್ರ್ಯವನ್ನು ಬೆಂಬಲಿಸುತ್ತೇನೆ ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳಿದಳೆಂದು ಜೀವನಚರಿತ್ರೆಗಳು ಹೇಳುತ್ತವೆ. ಈಸೂರನ್ನೂ ಅವಳನ್ನೂ ಒಂದೇ ತಿಂಗಳಲ್ಲಿ ಇಟ್ಟು ನೋಡದೆ ಕನ್ನಡದಲ್ಲಿ ಅವಳ ಕಥೆ ಬರೆಯಬಾರದು ಎಂದು ನನಗನ್ನಿಸುತ್ತದೆ. ಯಾರು ಸರಿ ಎಂದು ತೀರ್ಪು ಕೊಡುವುದಕ್ಕಲ್ಲ. ಅವಳ ಆಯ್ಕೆ ಸುಲಭದ್ದಾಗಿರಲಿಲ್ಲ ಎಂಬುದು ಓದುಗನಿಗೆ ತಟ್ಟಬೇಕು.

ದಾಖಲೆ ಕೆಲವೊಮ್ಮೆ ಅತಿಯಾಗಿ ಕೊಡುತ್ತದೆ. ಇನಾಯತ್ ಖಾನರು ಸಂಗೀತ ಹೊತ್ತು ಭಾರತ ಬಿಟ್ಟು ಪಶ್ಚಿಮಕ್ಕೆ ಹೊರಟದ್ದು 1910ರ ಸೆಪ್ಟೆಂಬರ್ 13. ಮಗಳನ್ನು ಡಾಖಾವ್ ಶಿಬಿರದಲ್ಲಿ ಗುಂಡಿಟ್ಟು ಕೊಂದದ್ದು 1944ರ ಸೆಪ್ಟೆಂಬರ್ 13. ಅವಳೇ ಬರೆದ ಜಾತಕ ಕಥೆಗಳಲ್ಲಿ, ತನ್ನ ಮೈಯನ್ನೇ ಸೇತುವೆಯಾಗಿ ಚಾಚಿ ಬಳಗವನ್ನು ದಾಟಿಸುವ ಕಪಿರಾಜನ ಕಥೆಯಿದೆ. ಎರಡೂ ನಿಜ. ಎರಡನ್ನೂ ಡೈರಿಯಲ್ಲಿ ಬರೆದುಕೊಂಡು ಪಕ್ಕದಲ್ಲಿ ‘ಬೇಡ’ ಎಂದು ಗುರುತು ಹಾಕಿದ್ದೇನೆ. ವಿಧಿ ಮೊದಲೇ ಎಲ್ಲ ಬರೆದಿಟ್ಟಿತ್ತು ಎಂಬ ಭಾವ ಓದುಗನಿಗೆ ಒಂದು ಸುಖ ಕೊಡುತ್ತದೆ. ಆ ಸುಖ ಸಿಕ್ಕ ಮೇಲೆ ಅವಳನ್ನು ಯಾರೋ ಹಣಕ್ಕೆ ಮಾರಿದರು, ಯಾರೋ ಮೇಜಿನ ಹಿಂದೆ ಕೂತು ಎಚ್ಚರಿಕೆಯನ್ನು ಕಡೆಗಣಿಸಿದರು ಎಂಬುದು ಅಷ್ಟಾಗಿ ಚುಚ್ಚುವುದಿಲ್ಲ.

ಆ ಕಡೆಗಣನೆಯ ಕಥೆ ನನ್ನ ಕಾದಂಬರಿಯ ನಡುಗಂಬ. ಜರ್ಮನರು ಅವಳ ಸೆಟ್ಟು, ಸಂಕೇತ, ನೋಟ್‌ಬುಕ್ ಹಿಡಿದು ಅವಳ ಹೆಸರಿನಲ್ಲೇ ಲಂಡನ್ನಿಗೆ ಸಂದೇಶ ಕಳಿಸತೊಡಗಿದರು. ಮಾರ್ಕ್ಸ್ ಅವಳಿಗೆಂದೇ ಒಂದು ಗುಟ್ಟಿನ ಏರ್ಪಾಡು ಮಾಡಿದ್ದನಂತೆ: ಹದಿನೆಂಟು ಅಕ್ಷರದ ಕೀಲಿಯನ್ನು ಎಂದೂ ಬಳಸಬೇಡ, ಸೆರೆಯಾದರೆ ಮಾತ್ರ ಬಳಸು. ಸುಳ್ಳು ಹೇಳಲು ಬಾರದ ಹುಡುಗಿಗೆ, ಸುಳ್ಳು ಹೇಳದೆಯೇ ಎಚ್ಚರಿಸುವ ದಾರಿ. ಹದಿನೆಂಟರ ಸಂದೇಶ ಬಂತು, ತಾನು ಹೇಳಿದೆ, ಫ್ರೆಂಚ್ ವಿಭಾಗದ ಮುಖ್ಯಸ್ಥ ಬಕ್‌ಮಾಸ್ಟರ್ ನಂಬಲಿಲ್ಲ ಎಂದು ಅವನು ಬರೆಯುತ್ತಾನೆ. ಮಾರ್ಕ್ಸ್‌ನ ನೆನಪನ್ನು ಎಷ್ಟು ನಂಬಬೇಕೋ ಅಷ್ಟೇ ನಂಬೋಣ. ಮುಂದಿನದು ಮಾತ್ರ ದಾಖಲಾದದ್ದು. ಆ ಹುಸಿ ಸಂಪರ್ಕವನ್ನು ನಂಬಿ ಲಂಡನ್ 1944ರ ಫೆಬ್ರವರಿ ಕೊನೆಯಲ್ಲಿ ಹೊಸ ಏಜೆಂಟರನ್ನು ಪ್ಯಾರಾಚೂಟಿನಲ್ಲಿ ಇಳಿಸಿತು. ಕೆಳಗೆ ಕಾದಿದ್ದವರು ಜರ್ಮನರು. ಇಳಿದವರಲ್ಲಿ ಒಬ್ಬಳ ನಿಜವಾದ ಹೆಸರು ಮದ್ಲೇನ್ ದಾಮೆರ್‌ಮಾಂ. ನೂರ್‌ಳ ಸಂಕೇತನಾಮವನ್ನೇ ತಾಯ್ತಂದೆಯರಿಂದ ಪಡೆದಿದ್ದವಳು. ಡಾಖಾವ್‌ನಲ್ಲಿ ನೂರ್ ಜೊತೆ ಅದೇ ಮುಂಜಾನೆ ಕೊಲ್ಲಲ್ಪಟ್ಟ ಮೂವರಲ್ಲಿ ಅವಳೂ ಒಬ್ಬಳು. ಉಳಿದಿಬ್ಬರು ಯೋಲಾಂದ್ ಬೀಕ್‌ಮನ್ ಮತ್ತು ಎಲಿಯಾನ್ ಪ್ಲ್ಯೂಮನ್. ಇದನ್ನು ಓದಿದ ರಾತ್ರಿ ನಾನು ಏನನ್ನೂ ಬರೆಯಲಿಲ್ಲ.

ಇಲ್ಲಿಂದ ಮುಂದೆ ನನ್ನ ಪ್ರಶ್ನೆ ಗಟ್ಟಿಯಾಗುತ್ತದೆ. ಪ್ಯಾರಿಸ್ಸಿನ 84, ಅವೆನ್ಯೂ ಫೋಶ್‌ನಲ್ಲಿ ನೂರ್ ಸೆರೆಯಾಗಿದ್ದಳು. ಎರಡು ಸಲ ತಪ್ಪಿಸಿಕೊಳ್ಳಲು ನೋಡಿದಳು. ಎರಡನೆಯ ಸಲ ಇಬ್ಬರು ಜೊತೆಗಾರರೊಂದಿಗೆ ಸರಳು ಸಡಿಲಿಸಿ ಛಾವಣಿ ಹತ್ತಿದ್ದಳು. ಮತ್ತೆ ಪ್ರಯತ್ನಿಸುವುದಿಲ್ಲ ಎಂದು ಬರೆದುಕೊಡಲು ಒಪ್ಪಲಿಲ್ಲ. 1943ರ ನವೆಂಬರ್ ಕೊನೆಯಲ್ಲಿ ಅವಳನ್ನು ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಗೆ ಸಾಗಿಸಿದರು. ಕೈಕಾಲಿಗೆ ಸರಪಳಿ, ಒಂಟಿ ಕೋಣೆ, ಸುಮಾರು ಹತ್ತು ತಿಂಗಳು. ಅವಳಿಂದ ಯಾವ ಮಾಹಿತಿಯೂ ಸಿಗಲಿಲ್ಲ ಎಂದು ಅವೆನ್ಯೂ ಫೋಶ್‌ನ ಜರ್ಮನ್ ಅಧಿಕಾರಿ ಕೀಫರ್ ಯುದ್ಧದ ನಂತರ ಒಪ್ಪಿಕೊಂಡ. ಅವಳು ಮಾಡಿದ ದೊಡ್ಡ ಕೆಲಸವೇ ಇದು, ಮಾತಾಡದಿದ್ದದ್ದು.

ಕಾದಂಬರಿಕಾರ ಕೈ ಹಾಕುವುದೂ ಇಲ್ಲಿಯೇ. ಒಂಟಿ ಕೋಣೆ ಎಂದರೆ ಸ್ವಗತಕ್ಕೆ ಹೇಳಿ ಮಾಡಿಸಿದ ಜಾಗ. ತಂದೆಯ ನೆನಪು, ವೀಣೆಯ ನಾದ, ಕಪಿರಾಜನ ಕಥೆ, ಎಲ್ಲವನ್ನೂ ಅಲ್ಲಿ ಸುರಿಯಬಹುದು. ಟಿಪ್ಪುವಿನ ವಿಷಯದಲ್ಲಿ ಗಿರೀಶ ಕಾರ್ನಾಡರಿಗೆ ಒಂದು ಅನುಕೂಲವಿತ್ತು. ಟಿಪ್ಪು ತನ್ನ ಕನಸುಗಳನ್ನು ಪರ್ಷಿಯನ್ನಿನಲ್ಲಿ ತಾನೇ ಗುಟ್ಟಾಗಿ ಬರೆದಿಟ್ಟಿದ್ದ, ಆ ಹಸ್ತಪ್ರತಿ ಉಳಿಯಿತು, ನಾಟಕಕ್ಕೆ ಒಂದು ಒಳಬಾಗಿಲು ಸಿಕ್ಕಿತು. ಫೋರ್ಟ್ಸ್‌ಹೈಮ್‌ನ ನೂರ್ ಅಂಥ ಪುಸ್ತಕ ಬಿಟ್ಟುಹೋಗಿಲ್ಲ. ಜರ್ಮನರು ಹತ್ತು ತಿಂಗಳು ಪ್ರಯತ್ನಿಸಿಯೂ ತೆರೆಯಲಾಗದ ಬಾಯಿಯನ್ನು ಎಂಟು ದಶಕಗಳ ನಂತರ ನಾನು ಹಾಸ್ಟೆಲ್ ಕೋಣೆಯಲ್ಲಿ ಕೂತು ತೆರೆಸುವುದೆಂದರೆ ಏನು?

ಕಾದಂಬರಿ ತಾನೇ, ಯಾರಿಗೆ ನಷ್ಟ ಎನ್ನಬಹುದು. ಆದರೆ ನಮ್ಮಲ್ಲಿ ಒನಕೆ ಓಬವ್ವ ಎಂದರೆ ಯಾವ ಮುಖ ನೆನಪಾಗುತ್ತದೆ? 1972ರ ‘ನಾಗರಹಾವು’ ಚಿತ್ರದ ಜಯಂತಿ ಅವರ ಮುಖ. ಕಲ್ಪನೆ ಚೆನ್ನಾಗಿದ್ದಷ್ಟೂ ಅದು ನೆನಪಿನ ಜಾಗದಲ್ಲಿ ಗಟ್ಟಿಯಾಗಿ ಕೂರುತ್ತದೆ. ನೂರ್‌ಳನ್ನು ನನ್ನ ಪುಸ್ತಕದಲ್ಲೇ ಮೊದಲು ಭೇಟಿಯಾಗುವ ಓದುಗರಿರುತ್ತಾರೆ. ನಾನು ಅವಳ ಬಾಯಲ್ಲಿ ಆಡಿಸಿದ್ದು ಅವರಿಗೆ ಅವಳ ಮಾತೇ ಆಗುತ್ತದೆ.

ಅವಳ ಸಾವಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಕಾಣೆಯಾದ ಏಜೆಂಟರನ್ನು ಹುಡುಕಿಕೊಂಡು ಯುದ್ಧಾನಂತರ ಜರ್ಮನಿಗೆ ಹೋದ ವೆರಾ ಅಟ್ಕಿನ್ಸ್, ನೂರ್ ನಾಟ್ಸ್‌ವೈಲರ್ ಶಿಬಿರದಲ್ಲಿ ಸತ್ತಳೆಂದೇ ಮೊದಲು ತೀರ್ಮಾನಿಸಿದ್ದರು. ಅಲ್ಲಿ ಸತ್ತವಳು ಸೋನಿಯಾ ಓಲ್ಶಾನೆಟ್ಸ್ಕಿ ಎಂಬ ಬೇರೊಬ್ಬಳು. ಡಾಖಾವ್ ಎಂದು ತಿಳಿದ ಮೇಲೂ ಕೊನೆಯ ರಾತ್ರಿಯ ಬಗ್ಗೆ ಒಂದಕ್ಕೊಂದು ಹೊಂದದ ಹೇಳಿಕೆಗಳಿವೆ. ಒಂದರಲ್ಲಿ ನಾಲ್ವರೂ ಕೈಹಿಡಿದು ಮಂಡಿಯೂರಿದರು. ಇನ್ನೊಂದರಲ್ಲಿ ನೂರ್‌ಳನ್ನು ರಾತ್ರಿಯಿಡೀ ಹಿಂಸಿಸಿದರು. ಅವಳ ಕೊನೆಯ ಪದ ‘ಸ್ವಾತಂತ್ರ್ಯ’ ಎಂಬರ್ಥದ ಫ್ರೆಂಚ್ ಪದ ಎನ್ನುವ ಮಾತೂ ಇದೆ. ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಕೊನೆ ಬೇಕೆ? ನಾನು ಅದನ್ನು ಬರೆಯುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ನನ್ನ ಕಾದಂಬರಿ ಡಾಖಾವ್‌ಗೆ ಹೋಗುವುದಿಲ್ಲ. ಅದು ಫೋರ್ಟ್ಸ್‌ಹೈಮ್‌ನಲ್ಲಿ ನಿಲ್ಲುತ್ತದೆ.

ಯಾಕೆಂದರೆ ಅಲ್ಲಿ ಒಂದು ಬಟ್ಟಲಿದೆ. ಅದೇ ಸೆರೆಮನೆಯಲ್ಲಿದ್ದ ಫ್ರೆಂಚ್ ಕೈದಿಗಳು, ಮಾತಾಡಲು ಬಿಡದ ಈ ಒಂಟಿ ಹೆಂಗಸಿಗಾಗಿ ಊಟದ ಬಟ್ಟಲಿನ ತಳದಲ್ಲಿ ಹೆಣಿಗೆಯ ಕಡ್ಡಿಯಿಂದ ಕೊರೆದು ಸಂದೇಶ ಕಳಿಸಿದರು. ಬಟ್ಟಲು ಕೋಣೆಯಿಂದ ಕೋಣೆಗೆ ತಿರುಗುತ್ತಿತ್ತು. ಅವಳೂ ಕೊರೆದು ಉತ್ತರಿಸಿದಳು. ತಾನು ಬಹಳ ದುಃಖದಲ್ಲಿದ್ದೇನೆ ಎಂದಳು, ಹಬ್ಬದ ದಿನಕ್ಕೆ ಶುಭ ಕೋರಿದಳು, ಒಂದು ದಿನ ತನ್ನ ಹೆಸರು ಮತ್ತು ಲಂಡನ್ನಿನ ವಿಳಾಸ ಕೊಟ್ಟಳು. ಆ ಕೈದಿಗಳಲ್ಲಿ ಬದುಕುಳಿದ ಯೋಲಾಂದ್ ಲಗ್ರಾವ್ ಅದನ್ನು ನೆನಪಿನಲ್ಲಿಟ್ಟುಕೊಂಡು ಹೊರಗೆ ತಂದಳು. ವಿಳಾಸ 4, ಟ್ಯಾವಿಟನ್ ಸ್ಟ್ರೀಟ್. 2020ರಲ್ಲಿ ಆ ಮನೆಯ ಗೋಡೆಗೆ ನೀಲಿ ಫಲಕ ಹಾಕಿದ್ದಾರೆ.

ಅವಳು ಕೊರೆದ ಹೆಸರು ನೋರಾ ಬೇಕರ್. ತಾಯಿಯ ಮನೆತನದ ಹೆಸರು. ಅದರಲ್ಲಿ ಮರೆಮಾಚುವಿಕೆಯಿದೆ, ನಿಜವೂ ಇದೆ. ಇಷ್ಟೂ ಹೆಸರುಗಳ ನಡುವೆ, ಸರಪಳಿಯ ಕೈಯಲ್ಲಿ ಅವಳೇ ಆರಿಸಿ ಬರೆದದ್ದು ಇದೊಂದು.

ಈಗ ಆ ಅಧ್ಯಾಯವನ್ನು ಬರೆಯುತ್ತಿದ್ದೇನೆ. ಕಥೆ ಹೇಳುವವಳು ಪಕ್ಕದ ಕೋಣೆಯ, ನಾನು ಕಲ್ಪಿಸಿದ ಒಬ್ಬ ಫ್ರೆಂಚ್ ಹೆಂಗಸು. ಅವಳಿಗೆ ನೂರ್ ಕಾಣುವುದಿಲ್ಲ. ಸರಪಳಿಯ ಸದ್ದು ಕೇಳುತ್ತದೆ, ರಾತ್ರಿ ಅಳುವ ದನಿ ಕೇಳುತ್ತದೆ. ಗಂಜಿ ಮುಗಿದ ಮೇಲೆ ಅವಳು ಬಟ್ಟಲನ್ನು ತಿರುವಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಗೀರುಗಳನ್ನು ಕೂಡಿಸಿ ಓದುತ್ತಾಳೆ. ಮೊದಲ ಓದುಗರಾದ ಗೆಳತಿ ಕೇಳಿದಳು: ಒಳಗೆ ಅವಳು ಏನು ಯೋಚಿಸುತ್ತಿದ್ದಳು ಎಂದು ಹೇಳುವುದೇ ಇಲ್ಲವೇ? ಇಲ್ಲ ಎಂದೆ. ಬಟ್ಟಲು ಎಷ್ಟು ದೊಡ್ಡದು, ಅದರ ತಳದಲ್ಲಿ ಎಷ್ಟು ಅಕ್ಷರ ಹಿಡಿಸುತ್ತವೆ, ಕಡ್ಡಿಯಿಂದ ಒಂದು ಅಕ್ಷರ ಕೊರೆಯಲು ಎಷ್ಟು ಹೊತ್ತು ಬೇಕು, ಇಷ್ಟನ್ನೇ ಹೇಳುತ್ತೇನೆ. ಕಳೆದ ವಾರ ಸಂತೆಯಿಂದ ಒಂದು ಹಳೇ ಅಲ್ಯೂಮಿನಿಯಂ ಬಟ್ಟಲು, ಒಂದು ಹೆಣಿಗೆಯ ಕಡ್ಡಿ ತಂದೆ. ಕನ್ನಡದಲ್ಲಿ ನೋರಾ ಬೇಕರ್ ಎಂದು ಕೊರೆಯಲು ಹತ್ತು ನಿಮಿಷ ಹಿಡಿಯಿತು.